ಶಾಲಾ ವ್ಯಾನಿನ ಹಿಂಬಾಗಿಲು ಮೇಲೆ ನಿಲ್ಲದಿದ್ದರೆ: ಅನಿಲದಂಡ ಬದಲಿಸುವ ಕ್ರಮ

ಜಹೀರಾಬಾದ ಮತ್ತು ನಾರಾಯಣಖೇಡ 1956ರವರೆಗೆ ಬೀದರ ಜಿಲ್ಲೆಗೆ ಸೇರಿದ್ದವು. ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಈ ಭಾಗದ ಎಲ್ಲ ಊರುಗಳಲ್ಲಿ ಇಂದು ಕನ್ನಡ ಮಾಧ್ಯಮದ ಶಾಲೆಗಳಿಲ್ಲ. ಆದ್ದರಿಂದ ಕನ್ನಡದಲ್ಲಿ ಕಲಿಯಬಯಸುವ ಮಕ್ಕಳಲ್ಲಿ ಹಲವರು ಊರು ದಾಟಿ ಹೋಗಬೇಕಾಗುತ್ತದೆ. ಓಮ್ನಿ, ಈಕೋದಂತಹ ವ್ಯಾನುಗಳಲ್ಲಿ ಪಾಟೀಚೀಲಗಳನ್ನು ಇಡುವುದು ಹಿಂಬದಿಯಲ್ಲಿ. ಆ ಹಿಂಬಾಗಿಲು ಮೇಲಕ್ಕೆ ತೆರೆಯುವಂಥದ್ದು. ಅದನ್ನು ಎತ್ತಿ ಹಿಡಿಯುವ ದಂಡಗಳು ಸವೆದರೆ ಬಾಗಿಲು ಚೀಲ ತೆಗೆಯುತ್ತಿರುವ ಮಗುವಿನ ತಲೆಯ ಮೇಲೆ ಬೀಳುತ್ತದೆ. ಕೋಲು ಆನಿಸಿ ಕಾಲ ತಳ್ಳುವುದು ಇದಕ್ಕೆ ಪರಿಹಾರವಲ್ಲ. ಯಾರ ಕೈ ತಾಗಿದರೂ ಕೋಲು ಜಾರುತ್ತದೆ.

ಅನಿಲದಂಡ ಎಂದರೇನು?

ಅಂಗಡಿಗಳಲ್ಲಿ ಇದಕ್ಕೆ ‘ಡಿಕ್ಕಿ ಶಾಕರ್’ ಎನ್ನುತ್ತಾರೆ. ಗ್ಯಾಸ್ ಸ್ಟ್ರಟ್ ಎಂಬುದು ಯಂತ್ರಶಾಸ್ತ್ರದ ಹೆಸರು. ಮುಚ್ಚಿದ ಉಕ್ಕಿನ ನಳಿಕೆಯೊಳಗೆ ಒತ್ತಿ ತುಂಬಿದ ಸಾರಜನಕ ಅನಿಲ ಮತ್ತು ಸ್ವಲ್ಪ ಎಣ್ಣೆ ಇರುತ್ತವೆ. ಅನಿಲವು ನಯವಾದ ದಂಡವನ್ನು ಹೊರಕ್ಕೆ ತಳ್ಳುತ್ತದೆ. ಎಣ್ಣೆಯು ಚಲನೆಯನ್ನು ನಿಧಾನಗೊಳಿಸಿ, ದಂಡದ ಸುತ್ತಲಿನ ರಬ್ಬರ್ ಸೀಲನ್ನು ಒಣಗದಂತೆ ಕಾಯುತ್ತದೆ. 8 ಮಿ.ಮೀ. ದಪ್ಪದ ದಂಡವು 350 ನ್ಯೂಟನ್ ಬಲ ಕೊಡಬೇಕಾದರೆ ಒಳಗಿನ ಒತ್ತಡ ಸುಮಾರು 70 ಬಾರ್ ಇರಬೇಕು. ಕಾರಿನ ಚಕ್ರದ ಗಾಳಿಯ ಒತ್ತಡ 2ರಿಂದ 3 ಬಾರ್ ಮಾತ್ರ. ಆದ್ದರಿಂದ ಈ ನಳಿಕೆಯನ್ನು ಕೊರೆಯುವುದು, ಕತ್ತರಿಸುವುದು, ಬೆಂಕಿಗೆ ಹಾಕುವುದು ಪ್ರಾಣಾಪಾಯಕರ.

ದೋಣಿಗಳ ಮುಚ್ಚಳಗಳಿಗೂ ಇದೇ ಸಾಧನವನ್ನು ಬಳಸುತ್ತಾರೆ. ಅಲ್ಲಿ ಉಪ್ಪುನೀರು ದಂಡವನ್ನು ತಿನ್ನುವುದರಿಂದ ತುಕ್ಕು ಹಿಡಿಯದ ಉಕ್ಕಿನದನ್ನು ಆರಿಸುತ್ತಾರೆ. ನಮ್ಮಲ್ಲಿ ಧೂಳೇ ಶತ್ರು. ತಾಂಡೂರಿನ ಕಲ್ಲುಗಣಿಗಳ ಸುತ್ತ ಓಡಾಡುವ ವಾಹನಗಳಲ್ಲಿ ದಂಡಕ್ಕೆ ಅಂಟಿದ ಕಲ್ಲುಪುಡಿ ಸೀಲನ್ನು ಉಜ್ಜಿ ಸವೆಸುತ್ತದೆ.

ಸವೆದಿರುವುದನ್ನು ತಿಳಿಯುವುದು

ಪೂರ್ತಿ ಎತ್ತಿದ ಬಾಗಿಲು ತಾನಾಗಿ ಇಳಿದರೆ, ದಂಡದ ಮೇಲೆ ಎಣ್ಣೆಯ ಜಿಡ್ಡು ಅಥವಾ ಗೀರು ಕಂಡರೆ, ತುದಿಯ ಗುಂಡು ಕೀಲು ಅಲುಗಾಡಿದರೆ ಬದಲಿಸುವ ಕಾಲ ಬಂದಿದೆ ಎಂದು ತಿಳಿಯಬೇಕು. ಪರೀಕ್ಷೆಯನ್ನು ಚಳಿಗಾಲದ ಬೆಳಗಿನಲ್ಲಿ ಮಾಡುವುದು ಮೇಲು. ತಾಪಮಾನ 40 ಡಿಗ್ರಿಯಿಂದ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಅನಿಲದ ಒತ್ತಡ ಸುಮಾರು ಶೇ. 10ರಷ್ಟು ಕುಗ್ಗುತ್ತದೆ. ಮಧ್ಯಾಹ್ನ ನಿಲ್ಲುವ ಬಾಗಿಲು ಶಾಲೆಯ ವೇಳೆಗೆ ಬೀಳುವುದು ಇದರಿಂದಲೇ.

ಕೊಳ್ಳುವಾಗ ನೋಡಬೇಕಾದ್ದು

ವಾಹನದ ಹೆಸರು ಮತ್ತು ತಯಾರಾದ ವರ್ಷವನ್ನು ಹೇಳಿ. ಸಾಧ್ಯವಿದ್ದರೆ ಹಳೆಯ ನಳಿಕೆಯ ಮೇಲಿನ ಬರಹದ ಚಿತ್ರ ತೋರಿಸಿ. ಪೂರ್ತಿ ಚಾಚಿದಾಗಿನ ಉದ್ದ, ದಂಡ ಒಳಸರಿಯುವ ಉದ್ದ, ತುದಿಯ ಕೀಲಿನ ಬಗೆ, ಬಲ ಈ ನಾಲ್ಕೂ ಹೊಂದಬೇಕು. ಬಲವನ್ನು ಅಂಕಿಯ ಪಕ್ಕದಲ್ಲಿ ‘ಎನ್’ ಅಕ್ಷರದೊಡನೆ ಮುದ್ರಿಸಿರುತ್ತಾರೆ, ಅದು ನ್ಯೂಟನ್. ಹೆಚ್ಚು ಬಲದ್ದು ಒಳ್ಳೆಯದೆಂಬ ಭಾವನೆ ತಪ್ಪು. ಅಂತಹ ಬಾಗಿಲು ಚಿಮ್ಮಿ ಮಗುವಿನ ಗದ್ದಕ್ಕೆ ಬಡಿಯಬಹುದು, ಕೀಲುಗಳನ್ನೂ ಬಗ್ಗಿಸಬಹುದು. ಎರಡು ದಂಡಗಳನ್ನೂ ಒಟ್ಟಿಗೇ ಬದಲಿಸಬೇಕು. ಒಂದೇ ಹೊಸದಾದರೆ ಬಾಗಿಲು ತಿರುಚಿಕೊಳ್ಳುತ್ತದೆ.

ಬದಲಿಸುವ ಕ್ರಮ

1. ವಾಹನವನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಮಕ್ಕಳನ್ನು ದೂರವಿರಿಸಿ.

2. ಬಾಗಿಲನ್ನು ಪೂರ್ತಿ ಎತ್ತಿ, ಕೆಲಸ ಮುಗಿಯುವವರೆಗೂ ಇನ್ನೊಬ್ಬ ವಯಸ್ಕರು ಎರಡೂ ಕೈಗಳಿಂದ ಹಿಡಿದಿರಲಿ.

3. ಮೊದಲು ಒಂದು ಬದಿಯದನ್ನು ಮಾತ್ರ ಬಿಚ್ಚಿ. ಕೀಲಿನ ಮೇಲಿನ ತಂತಿ ಕ್ಲಿಪ್ಪನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ತುಸು ಎತ್ತಿ ಎಳೆದರೆ ಅದು ಕಳಚುತ್ತದೆ. ಬೋಲ್ಟ್ ಇದ್ದರೆ ಪಾನಾ ಬೇಕು.

4. ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಉದ್ದ ಹೋಲಿಸಿ. ಹೊಸದನ್ನು ಕೈಯಿಂದ ಒತ್ತಲು ಹೋಗಬೇಡಿ.

5. ಹಳೆಯದು ಇದ್ದ ದಿಕ್ಕಿನಲ್ಲೇ ಕೂರಿಸಿ. ಸಾಮಾನ್ಯವಾಗಿ ಬಾಗಿಲು ಮುಚ್ಚಿದಾಗ ದಂಡ ಕೆಳಮುಖವಾಗಿರಬೇಕು. ಆಗ ಎಣ್ಣೆ ಸೀಲಿನ ಬಳಿ ನಿಲ್ಲುತ್ತದೆ. ಕೀಲನ್ನು ‘ಟಕ್’ ಎಂದು ಕೂರುವವರೆಗೆ ಒತ್ತಿ.

6. ಇನ್ನೊಂದು ಬದಿಯನ್ನೂ ಹೀಗೆಯೇ ಮುಗಿಸಿ. ಎರಡೂ ಕೂತ ಮೇಲೆ ಬಾಗಿಲನ್ನು ನಿಧಾನವಾಗಿ ಇಳಿಸಿ, ದಂಡ ಎಲ್ಲಿಯೂ ತಾಗದೆಂಬುದನ್ನು ನೋಡಿ, ಐದಾರು ಸಲ ತೆರೆದು ಮುಚ್ಚಿ.

ದಂಡಕ್ಕೆ ಗ್ರೀಸ್ ಹಚ್ಚಬಾರದು, ಅದಕ್ಕೆ ಧೂಳು ಅಂಟುತ್ತದೆ. ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಹಳೆಯ ನಳಿಕೆಯಲ್ಲಿ ಅನಿಲ ಉಳಿದಿರಬಹುದು. ಗುಜರಿಗೆ ಕೊಡುವಾಗ ಆ ಮಾತನ್ನು ತಪ್ಪದೆ ತಿಳಿಸಿ. ಮಕ್ಕಳ ಆಟಕ್ಕಂತೂ ಕೊಡಬೇಡಿ.

ಪಾಲಕರ ಪಾಲು

ಬಾಡಿಗೆ ವ್ಯಾನಿನ ಚಾಲಕರು ಖರ್ಚಿಗೆ ಹಿಂಜರಿದರೆ, ಆ ವ್ಯಾನಿನ ಪಾಲಕರು ಸೇರಿ ಹಂಚಿಕೊಳ್ಳುವುದು ಕಷ್ಟವಲ್ಲ. ದಂಡ ಬದಲಾಗುವವರೆಗೆ ಹಿಂಬಾಗಿಲನ್ನು ತೆರೆಯುವುದೂ ಚೀಲ ಇಳಿಸುವುದೂ ಹಿರಿಯರ ಕೆಲಸವಾಗಿರಲಿ. ತಿಂಗಳಿಗೊಮ್ಮೆ ಬೆಳಿಗ್ಗೆ ಮಗುವನ್ನು ಹತ್ತಿಸುವ ಮೊದಲು ಪಾಲಕರೊಬ್ಬರು ಆ ಬಾಗಿಲನ್ನು ಎತ್ತಿ, ಕೈ ಹತ್ತಿರವೇ ಇಟ್ಟುಕೊಂಡು ಬಿಟ್ಟು ನೋಡಲಿ.