ಮುದ್ರೆ, ಪತ್ರ ಮತ್ತು ಪಥಿಕ

ಪರಸ್ಥಳದಿಂದ ಬಂದವನು ತಾನು ಯಾರೆಂದು ಹೇಳಿಕೊಂಡರೆ ಅದನ್ನು ರಾಜ್ಯವು ನಂಬುವುದು ಯಾವ ಆಧಾರದಿಂದ? ಈ ಪ್ರಶ್ನೆಗೆ ಭಾರತೀಯ ರಾಜನೀತಿಯಲ್ಲಿ ಪ್ರಾಚೀನವಾದ ಉತ್ತರವಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ತಾಳೆಗರಿಯ ಪ್ರತಿಯನ್ನಾಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ಮುದ್ರಾಧ್ಯಕ್ಷ'ನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಒಂದು ಮಾಷಕವನ್ನು ತೆತ್ತವನಿಗೆ ಈತ ಮುದ್ರೆಯನ್ನು ಕೊಡುತ್ತಾನೆ. ಮುದ್ರೆಯಿದ್ದವನಿಗೆ ಮಾತ್ರ ಜನಪದವನ್ನು ಪ್ರವೇಶಿಸಲು ಮತ್ತು ಅಲ್ಲಿಂದ ಹೊರಡಲು ಅವಕಾಶ. ಮುದ್ರೆಯಿಲ್ಲದ ಸ್ವದೇಶೀಯನಿಗೆ 12 ಪಣಗಳ ದಂಡ, ಕೂಟಮುದ್ರೆಗೆ, ಎಂದರೆ ಖೋಟಾ ಮುದ್ರೆಗೆ, ಪೂರ್ವಸಾಹಸದಂಡ, ಪರದೇಶೀಯನಾದರೆ ಉತ್ತಮಸಾಹಸದಂಡ. ಮುದ್ರೆಯನ್ನು ಪರಿಶೀಲಿಸುವ ಹೊಣೆ ವಿವೀತಾಧ್ಯಕ್ಷನದು. ಒಂದೇ ಬಗೆಯ ತಪ್ಪಿಗೆ ಅಪರಿಚಿತನು ಹೆಚ್ಚು ತೆರಬೇಕಾಗಿತ್ತೆಂಬುದು ಗಮನಾರ್ಹ.

ಆದರೆ ಪತ್ರವು ಅಸಲಿಯಾಗಿದ್ದು, ಅದನ್ನು ಹೊತ್ತವನ ಮೇಲೆಯೇ ಶಂಕೆಯುಂಟಾದರೆ? ಇದಕ್ಕೆ ನಿದರ್ಶನ ಕನ್ನಡನಾಡಿನಲ್ಲಿಯೇ ದೊರೆಯುತ್ತದೆ. ಹೆರಾತಿನ ತೈಮೂರಿ ದೊರೆ ಶಾರೂಖನ ರಾಯಭಾರಿಯಾದ ಅಬ್ದುರ್ ರಜಾಕನು ಕಲ್ಲಿಕೋಟೆಯಿಂದ ಹೊರಟು ಮಂಗಳೂರಿನ ಮಾರ್ಗವಾಗಿ 1443ರಲ್ಲಿ ವಿಜಯನಗರವನ್ನು ತಲಪಿದನು. ಘಟ್ಟವನ್ನೇರಿದ ಮೇಲೆ ಆತ ಕಂಡ, ಅರಮನೆಗಳಂಥ ಮನೆಗಳೂ ಉನ್ನತವಾದ ದೇಗುಲವೂ ಇದ್ದ ಪಟ್ಟಣವನ್ನು ಕೆಲವರು ಬೇಲೂರೆಂದು, ಮತ್ತೆ ಕೆಲವರು ಬಿದನೂರೆಂದು ಗುರುತಿಸಿದ್ದಾರೆ. ಬೇಲೂರೆಂಬುದನ್ನು ಒಪ್ಪಿದರೆ, ಬಾಣಾವರ-ಅರಸೀಕೆರೆಗಳ ಬಯಲುಸೀಮೆಯು ಆತನ ಉತ್ತರದ ಪಯಣಕ್ಕೆ ಸಹಜವಾದ ದಾರಿಯಾಗುತ್ತದೆ.

1426ರಲ್ಲಿ ರಾಜಧಾನಿಯಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಶಿಲೆಯಿಂದ ಕಟ್ಟಿಸಿದ ಇಮ್ಮಡಿ ದೇವರಾಯನೇ ಆಗ ಅರಸು. ಆತ ಶಾರೂಖನ ಪತ್ರವನ್ನು ಸ್ವೀಕರಿಸಿ ಸಂತೋಷವನ್ನು ವ್ಯಕ್ತಪಡಿಸಿದನು. ಅತಿಥಿಗೆ ದಿನವೂ ಕುರಿ, ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ ಹಾಗೂ ಎರಡು ವರಹಗಳ ಪಡಿ ಗೊತ್ತಾಯಿತು. ಅನಂತರ ಹೊರ್ಮುಜಿನಿಂದ ಬಂದಿದ್ದವರು, ಈತ ದೂತನಲ್ಲ, ಹೇಗೋ ಪತ್ರವನ್ನು ಸಂಪಾದಿಸಿದ ವರ್ತಕನೆಂದು ಸುದ್ದಿ ಹಬ್ಬಿಸಿದರು. ದಣ್ಣಾಯಕನು ಕಲಬುರ್ಗಿಯ ಕಡೆಗೆ ದಂಡೆತ್ತಿ ಹೋಗಿದ್ದಾಗ ಅವನ ಸ್ಥಾನದಲ್ಲಿದ್ದ ಅಧಿಕಾರಿ ಈ ಪಡಿಯನ್ನು ನಿಲ್ಲಿಸಿದನು. ಬೀಳ್ಕೊಡುವಾಗ ಅರಸನೇ ಈ ಶಂಕೆಯನ್ನು ಎತ್ತಿ, ಇಲ್ಲದಿದ್ದರೆ ಇನ್ನೂ ಹೆಚ್ಚಿನ ಗೌರವ ಸಲ್ಲುತ್ತಿತ್ತೆಂದು ಹೇಳಿದನೆಂದು ರಜಾಕನು ದಾಖಲಿಸಿದ್ದಾನೆ. ಇದನ್ನು ಹೇಳುತ್ತಿರುವವನು ಬಾಧಿತನೇ ಆದ್ದರಿಂದ ಆತನ ಅಸಮಾಧಾನದ ಪಾಲನ್ನು ಕಳೆದು ಓದಬೇಕು. ಆದರೂ ತನ್ನ ಹಿರಿಮೆಗೆ ಕುಂದಾಗುವ ಪ್ರಸಂಗವನ್ನು ಆತ ಮುಚ್ಚಿಡದಿರುವುದು ಅದರ ವಿಶ್ವಾಸಾರ್ಹತೆಯನ್ನು ಹೆಚ್ಚಿಸುತ್ತದೆ.

ಹೆರಾತಿಗೆ ಓಲೆ ಹೋಗಿ ಮರಳಲು ತಿಂಗಳುಗಟ್ಟಲೆ ಕಾಲ ಬೇಕಾಗಿದ್ದ ಆ ದಿನಗಳಲ್ಲಿ ಅರಸನಿಗಿದ್ದ ದಾರಿಗಳು ಎರಡೇ: ಪತ್ರವನ್ನು ನಂಬುವುದು, ಇಲ್ಲವೇ ಪತ್ರ ಹೊತ್ತವನನ್ನು ಬಲ್ಲವರ ಮಾತನ್ನು ನಂಬುವುದು. ಬಲ್ಲವರೆನಿಸಿಕೊಂಡವರೇ ಸ್ಪರ್ಧಿಗಳಾಗಿದ್ದರೆ ಸತ್ಯವಂತನೂ ಸೋಲುತ್ತಾನೆ. ದೇವರಾಯನು ನಿರಾಕರಣೆಗೂ ಹೋಗಲಿಲ್ಲ, ಪೂರ್ಣ ವಿಶ್ವಾಸಕ್ಕೂ ಹೋಗಲಿಲ್ಲ. ತನ್ನ ಕಡೆಯಿಂದ ಇಬ್ಬರು ದೂತರನ್ನು ಕಾಣಿಕೆಗಳೊಡನೆ ರಜಾಕನ ಜೊತೆಗೇ ಕಳುಹಿಸಿದನು. ಶಂಕಿತನನ್ನು ದಂಡಿಸದೆಯೇ ಸತ್ಯವು ಹೆರಾತಿನಲ್ಲಿ ತಾನಾಗಿ ತಿಳಿಯುವಂತೆ ಮಾಡಿದ ಕ್ರಮವಿದು. ಅರ್ಥಶಾಸ್ತ್ರದ ದಂಡಪಟ್ಟಿಯಲ್ಲಿ ಇಂಥ ತಾಳ್ಮೆಗೆ ಸ್ಥಾನವಿಲ್ಲ.