ಪಾಠ ಯಾರಿಗೆ, ಹಾಲು ಕರೆಯುವವರು ಯಾರು?

ನಮ್ಮ ಐಟಿ ಕಂಪನಿಗಳಲ್ಲಿ 'ಕೆಟಿ' ಎಂಬ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ನಾಲೆಜ್ ಟ್ರಾನ್ಸ್‌ಫರ್. ಪ್ರಾಜೆಕ್ಟ್ ಬಿಟ್ಟು ಹೋಗುವವನು ಬರುವವನಿಗೆ ಕೆಲಸ ಕಲಿಸಿ ಒಪ್ಪಿಸುವುದು. ಎಷ್ಟೋ ಕೆಟಿಗಳು ಹಳ್ಳ ಹಿಡಿಯುವುದನ್ನು ನೋಡಿದ್ದೇನೆ. ಹೇಳಿಕೊಡುವವನಿಗೆ ವಿಷಯ ಗೊತ್ತಿಲ್ಲದೆ ಕೆಟ್ಟದ್ದು ಕಡಿಮೆ. ಕೋಣೆಯಲ್ಲಿ ಕೂತು ಕೇಳಿದವನು ಒಬ್ಬ, ನಾಳೆ ಕೆಲಸ ಮಾಡಬೇಕಾದವನು ಇನ್ನೊಬ್ಬ ಆಗಿದ್ದಕ್ಕೇ ಕೆಟ್ಟದ್ದು ಹೆಚ್ಚು.

ಹೋದ ತಿಂಗಳು ತಿಪಟೂರು ಕಡೆಯ ನಮ್ಮೂರಿನಿಂದ ಅಮ್ಮ ಫೋನ್ ಮಾಡಿದ್ದಳು. ಹಸು ಸಾಕುವವರಿಗೆಂದು ಮೂರು ದಿನದ ತರಬೇತಿ ಇತ್ತಂತೆ. ಡೈರಿಯ ಸದಸ್ಯತ್ವ ಅಪ್ಪನ ಹೆಸರಿನಲ್ಲಿರುವುದರಿಂದ ಅಪ್ಪನೇ ಹೋಗಿದ್ದ. ಬರುವಾಗ ಒಂದು ಚೀಲ, ಒಂದು ಪುಸ್ತಕ ತಂದಿದ್ದ.

"ಏನ್ ಹೇಳ್ಕೊಟ್ರು ಅಂತ ಕೇಳಿದ್ರೆ, ಹಸ ಚೆನ್ನಾಗಿ ನೋಡ್ಕಳಿ ಅಂದ್ರು ಅಂತಾರೆ ನಿಮ್ಮಪ್ಪ," ಎಂದು ಅಮ್ಮ ನಕ್ಕಳು. ನಮ್ಮ ಮನೆಯಲ್ಲಿ ನಲವತ್ತು ವರ್ಷದಿಂದ ಹಾಲು ಕರೆಯುತ್ತಿರುವವಳು ಅವಳು.

ನಾನೂ ನಕ್ಕೆ. ಆದರೆ ಪುಣೆಯ ಈ ಫ್ಲ್ಯಾಟಿನಲ್ಲಿ ಆ ರಾತ್ರಿ ಬಹಳ ಹೊತ್ತು ಅದೇ ಯೋಚನೆ. ನಮ್ಮ ದೇಶದಲ್ಲಿ ಹಸು ಸಾಕುವ ಪಾಠ ಶುರುವಾದದ್ದು ಯಾರಿಗಾಗಿ?

ಎಂಟೆಕ್ ಮುಗಿಸಿ ಬೆಂಗಳೂರಿನಲ್ಲಿ ಮೊದಲ ಕೆಲಸಕ್ಕೆ ಸೇರಿದಾಗ, ಕಂಪನಿಯ ಬಸ್ಸು ಹೊಸೂರು ರಸ್ತೆಯ ಆಡುಗೋಡಿ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತಿತ್ತು. ಟ್ರಾಫಿಕ್ಕಿನಲ್ಲಿ ನಿಂತಾಗಲೆಲ್ಲ ಕಿಟಕಿಯಾಚೆ ಹಸಿರು ತುಂಬಿದ ಒಂದು ಸರ್ಕಾರಿ ಆವರಣ ಕಾಣುತ್ತಿತ್ತು. ಅದೇನೆಂದು ಆಗ ವಿಚಾರಿಸಿದವನಲ್ಲ. ಭಾರತದ ಹೈನುಗಾರಿಕೆ ಶಿಕ್ಷಣದ ಹಳೆಯ ಮನೆ ಅದೇ ಎಂದು ತಿಳಿದದ್ದು ಊರು ಬಿಟ್ಟ ಮೇಲೆ.

1923ರಲ್ಲಿ ಬೆಂಗಳೂರಿನಲ್ಲಿ ಇಂಪೀರಿಯಲ್ ಇನ್‌ಸ್ಟಿಟ್ಯೂಟ್ ಆಫ್ ಅನಿಮಲ್ ಹಸ್ಬೆಂಡ್ರಿ ಅಂಡ್ ಡೈರಿಯಿಂಗ್ ಶುರುವಾಯಿತು. ಅದರ ಹಿಂದೆ ಸೈನ್ಯದ ಕಥೆಯಿದೆ. ದಂಡು ಪ್ರದೇಶಗಳ ಸಿಪಾಯಿಗಳಿಗೆ, ಆಸ್ಪತ್ರೆಗಳಿಗೆ ಶುದ್ಧ ಹಾಲು ಬೆಣ್ಣೆ ಬೇಕೆಂದು ಬ್ರಿಟಿಷರು 1889ರಲ್ಲಿ ಅಲಹಾಬಾದಿನಲ್ಲಿ ಮೊದಲ ಮಿಲಿಟರಿ ಡೈರಿ ತೆರೆದಿದ್ದರು. ಡೈರಿಗಳು ಹೆಚ್ಚಿದಂತೆ ಅವನ್ನು ನಡೆಸಲು ಓದಿದ ಜನ ಬೇಕಾದರು. ಬೆಂಗಳೂರಿನ ಸಂಸ್ಥೆಯಿಂದ ಡೈರಿ ಡಿಪ್ಲೊಮಾ ಪಡೆದವರು ಅಂಥ ಡೈರಿಗಳಿಗೆ, ಸರ್ಕಾರಿ ಫಾರಮ್ಮುಗಳಿಗೆ ಹೋದರು. ಹಳ್ಳಿಯಲ್ಲಿ ಎರಡು ಹಸು ಕಟ್ಟಿಕೊಂಡವನು ಆ ಪಟ್ಟಿಯಲ್ಲಿ ಇರಲಿಲ್ಲ. ಅವನಿಗೆಂದು ಆ ಶಾಲೆ ಕಟ್ಟಿರಲೂ ಇಲ್ಲ.

ಇಷ್ಟಕ್ಕೂ ಬೆಂಗಳೂರಿನ ಸುತ್ತಮುತ್ತ ಪಶುಜ್ಞಾನಕ್ಕೆ ಬರವಿತ್ತೆ? ಮೈಸೂರು ಅರಸರ ಬೆಣ್ಣೆಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂದು ಹೆಸರಾದ ದನಗಳ ಇಲಾಖೆ, ಅವು ಋತುವಿಗೆ ತಕ್ಕಂತೆ ಮೇಯುತ್ತಿದ್ದ ಕಾವಲುಗಳು ಎಲ್ಲವೂ ಇದ್ದವು. ಒಂದು ಕಾವಲು ಒಣಗುವ ಮೊದಲೇ ದನವನ್ನು ಇನ್ನೊಂದಕ್ಕೆ ಹೊಡೆದುಕೊಂಡು ಹೋದರೆ ಹುಲ್ಲು ಮತ್ತೆ ಚಿಗುರುತ್ತದೆ ಎಂಬ ಲೆಕ್ಕ ದನ ಕಾಯುವವರಿಗೆ ಗೊತ್ತಿತ್ತು. ಈಗ 'ಸುಸ್ಥಿರ ಕೃಷಿ' ಎಂದು ಪವರ್‌ಪಾಯಿಂಟಿನಲ್ಲಿ ತೋರಿಸುವುದರಲ್ಲಿ ಇದೂ ಒಂದು. ಅವರು ಯಾರೂ ಡಿಪ್ಲೊಮಾ ತರಗತಿಯ ಮೇಷ್ಟ್ರುಗಳಾಗಲಿಲ್ಲ.

ಆ ಸಂಸ್ಥೆಗೆ 1927ರಲ್ಲಿ ಒಬ್ಬ ವಿಚಿತ್ರ ವಿದ್ಯಾರ್ಥಿ ಬಂದ. ಆರೋಗ್ಯ ಕೆಟ್ಟು ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದ ಗಾಂಧೀಜಿ, ಜೂನ್ ತಿಂಗಳಲ್ಲಿ ಬೆಂಗಳೂರಿನ ಕುಮಾರ ಪಾರ್ಕಿನಲ್ಲಿ ಉಳಿದಿದ್ದರು. ಆಗ ಇಂಪೀರಿಯಲ್ ಡೈರಿ ಎಕ್ಸ್‌ಪರ್ಟ್ ಆಗಿದ್ದವರು ವಿಲಿಯಂ ಸ್ಮಿತ್. ಗಾಂಧೀಜಿ ಅವರ ಡೈರಿಗೆ ಹೋಗಿ ಹಸುಗಳ ಮೇವು, ಕರುಗಳ ಪಾಲನೆ, ಹಾಲಿನ ಲೆಕ್ಕಗಳನ್ನೆಲ್ಲ ಕೇಳಿ ಕಲಿತರು. ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತ ಎಂದು ಬರೆದುಕೊಂಡರು.

ಇದನ್ನು ನಾವು ವಿನಯದ ಉದಾಹರಣೆಯಾಗಿ ಹೇಳಿಕೊಳ್ಳುತ್ತೇವೆ. ನನಗೆ ಅದರಲ್ಲಿ ಬೇರೊಂದು ಕಾಣುತ್ತದೆ. ಸಾಬರಮತಿ ಆಶ್ರಮದಲ್ಲಿ ನಿಜವಾಗಿಯೂ ಗೋಶಾಲೆಯಿತ್ತು. ಮುದಿ ದನಗಳನ್ನು ಕಟ್ಟಿಹಾಕಿ ಪುಣ್ಯ ಎಣಿಸುವ ಗೋಶಾಲೆಗಳು ಡೈರಿಗಳಾಗಬೇಕು, ತಳಿ ಸುಧಾರಣೆಯಾಗಬೇಕು, ಸತ್ತ ದನದ ಚರ್ಮಕ್ಕೂ ಗೊಬ್ಬರಕ್ಕೂ ಬೆಲೆ ಬರಬೇಕು, ಇಲ್ಲದಿದ್ದರೆ ಹಸು ರೈತನಿಗೆ ಹೊರೆಯಾಗಿ ಕಸಾಯಿಖಾನೆ ಸೇರುತ್ತದೆ ಎಂಬುದು ಅವರ ವಾದ. ಅಂದರೆ ಅವರು ಅಲ್ಲಿಗೆ ಹೋದದ್ದು ತಮ್ಮ ಕೊಟ್ಟಿಗೆಯ ಪ್ರಶ್ನೆಗಳನ್ನು ಹೊತ್ತುಕೊಂಡು. ರೈತ ಎಂಬ ಹೆಸರಿನಲ್ಲಿ ಅಲ್ಲಿ ಪಾಠ ಕೇಳಿದವರಲ್ಲಿ ಇವರು ಮೊದಮೊದಲಿನವರಿರಬೇಕು.

1940ರ ದಶಕದಲ್ಲಿ ಅದೇ ಸಂಸ್ಥೆಗೆ ಇನ್ನೊಬ್ಬ ವಿದ್ಯಾರ್ಥಿ ಬಂದರು, ಇವರು ಮನಸ್ಸಿಲ್ಲದೆ. ಸರ್ಕಾರಿ ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಹೋಗುವ ಮೊದಲು ಕೆಲವು ತಿಂಗಳು ಬೆಂಗಳೂರಿನಲ್ಲಿ ಕಳೆಯಬೇಕಾಗಿ ಬಂದ ಎಂಜಿನಿಯರ್ ವರ್ಗೀಸ್ ಕುರಿಯನ್. ಹಾಲಿನ ಬಗ್ಗೆ ಅವರಿಗೆ ಅಂಥ ಒಲವೇನೂ ಇರಲಿಲ್ಲ. ಮಿಷಿಗನ್‌ನಲ್ಲಿ ಓದಿ ಬಂದ ಮೇಲೆ ಒಪ್ಪಂದದ ಪ್ರಕಾರ 1949ರಲ್ಲಿ ಗುಜರಾತಿನ ಆನಂದಕ್ಕೆ ಹೋದರು. ಅಲ್ಲಿ ತ್ರಿಭುವನದಾಸ್ ಪಟೇಲರು ಕಟ್ಟುತ್ತಿದ್ದ ಖೇಡಾ ಜಿಲ್ಲೆಯ ಹಾಲು ಒಕ್ಕೂಟ ಅವರನ್ನು ಹಿಡಿದು ನಿಲ್ಲಿಸಿತು. ಡೈರಿ ವಿದ್ಯೆ ಮೊದಲ ಸಲ ರೈತರ ಕೈಕೆಳಗೆ ನೌಕರಿಗೆ ಸೇರಿದ್ದು ಅಲ್ಲಿ.

ಈ ನಡುವೆ ಬೆಂಗಳೂರಿನ ಸಂಸ್ಥೆ ಸ್ವಾತಂತ್ರ್ಯಾನಂತರ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯಾಯಿತು. 1955ರಲ್ಲಿ ಕೇಂದ್ರ ಕಚೇರಿ ಹರಿಯಾಣದ ಕರ್ನಾಲಿಗೆ ಹೋಗಿ ಆಡುಗೋಡಿ ದಕ್ಷಿಣದ ಪ್ರಾದೇಶಿಕ ಕೇಂದ್ರವಾಗಿ ಉಳಿಯಿತು.

1970ರಲ್ಲಿ ಶುರುವಾದ ಆಪರೇಷನ್ ಫ್ಲಡ್ ಎಂದರೆ ನಮಗೆ ಹಾಲಿನ ಹೊಳೆ ನೆನಪಾಗುತ್ತದೆ. ನಾನು ಮೆಚ್ಚುವುದು ಅದರ ಕೆಟಿಯನ್ನು. ಆನಂದದಲ್ಲಿ ತಯಾರಾದ ಒಂದು ತಂಡ ಹೊಸ ಜಿಲ್ಲೆಗೆ ಹೋಗಿ ಹಳ್ಳಿಯಲ್ಲೇ ಇರುತ್ತಿತ್ತು. ಪಶುವೈದ್ಯ, ಎಂಜಿನಿಯರ್, ಸಹಕಾರ ಸಂಘದ ಲೆಕ್ಕ ತಿಳಿದವರು ಎಲ್ಲರೂ ಅದರಲ್ಲಿದ್ದರು. ಅವರ ಜೊತೆಗೆ ಸ್ಥಳೀಯರದೇ ಒಂದು ಜೋಡಿ ತಂಡ. ಮೊದಲು ಇವರು ಮಾಡುವುದನ್ನು ಅವರು ನೋಡಬೇಕು, ಆಮೇಲೆ ಅವರು ಮಾಡುವುದನ್ನು ಇವರು ನೋಡಬೇಕು, ಕೊನೆಗೆ ಇವರು ಗಂಟು ಕಟ್ಟಿ ಹೊರಡಬೇಕು. ರೈತರನ್ನು ಆನಂದಕ್ಕೆ ಕರೆದೊಯ್ದು ತಮ್ಮಂಥವರೇ ನಡೆಸುವ ಡೈರಿಯನ್ನು ಕಣ್ಣಾರೆ ತೋರಿಸುತ್ತಿದ್ದರು. ಸಾವಿರ ಭಾಷಣಕ್ಕಿಂತ ಇನ್ನೊಬ್ಬ ರೈತನ ಕೊಟ್ಟಿಗೆ ದೊಡ್ಡ ಪಾಠ.

ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಡೈರಿ ಅಭಿವೃದ್ಧಿ ನಿಗಮ ಶುರುವಾಗಿ 1984ರಲ್ಲಿ ಈಗಿನ ಹಾಲು ಮಹಾಮಂಡಳವಾಯಿತು. ಅದೇ 1974ರಲ್ಲಿ ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ ಪುದುಚೇರಿಯಲ್ಲಿ ತೆರೆಯಿತು. ಮೋಹನ್ ಸಿಂಹ ಮೆಹ್ತಾ ಸಮಿತಿ ಹಾಕಿಕೊಟ್ಟ ಸೂತ್ರ ಸರಳ: ಕೈಯಾರೆ ಮಾಡಿ ಕಲಿಯಬೇಕು, ಓದು ಬಾರದವರಿಗೂ ಬಾಗಿಲು ತೆರೆದಿರಬೇಕು. ಕಲಿಸುವವರಿಗೂ ಕಲಿಸಬೇಕೆಂದು ತರಬೇತುದಾರರ ತರಬೇತಿ ಕೇಂದ್ರಗಳು ಬಂದವು. ಕರ್ನಾಲಿನ ಡೈರಿ ಸಂಸ್ಥೆಯಲ್ಲೂ ಒಂದಿತ್ತು. ಈಗ ದೇಶದಲ್ಲಿ ಏಳುನೂರಕ್ಕೂ ಹೆಚ್ಚು ಕೃಷಿ ವಿಜ್ಞಾನ ಕೇಂದ್ರಗಳಿವೆ.

ಹೀಗೆ ಐವತ್ತು ವರ್ಷದಲ್ಲಿ ಪಾಠ ದಂಡಿನಿಂದ ಹೊರಟು ಹಳ್ಳಿಯ ಡೈರಿ ಬಾಗಿಲಿಗೆ ಬಂತು. ಆದರೆ ಅಲ್ಲಿ ನಿಂತಿತು. ಸಂಘದ ಸದಸ್ಯ ಯಾರು? ಮನೆಯ ಯಜಮಾನ. ಆದ್ದರಿಂದ ತರಬೇತಿಗೆ ಹೋಗುವವನೂ ಅವನೇ. ಮೇವು ಹಾಕುವ, ಸಗಣಿ ಬಾಚುವ, ಬೆಳಗಿನ ಜಾವ ಕೆಚ್ಚಲು ಮುಟ್ಟಿ ಬಿಸಿಯಿದೆಯೇ ನೋಡುವ ಹೆಂಗಸು ಕೊಟ್ಟಿಗೆಯಲ್ಲೇ ಉಳಿದಳು. ಈ ತಪ್ಪು ತಿದ್ದಲು ಕೇಂದ್ರ ಸರ್ಕಾರ 1986-87ರಲ್ಲಿ ಸ್ಟೆಪ್ ಎಂಬ ಯೋಜನೆ ತಂದಿತು. ಅದರ ನೆರವಿನಿಂದ ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಮಹಿಳಾ ಹಾಲು ಸಂಘಗಳು ಎದ್ದವು. ಹೆಂಗಸರೇ ಸದಸ್ಯರು, ಹೆಂಗಸರೇ ಕಾರ್ಯದರ್ಶಿ, ಫ್ಯಾಟ್ ಪರೀಕ್ಷೆ ಮಾಡುವವರೂ ಅವರೇ. ನಮ್ಮೂರಿಗೆ ಅದು ಬರಲಿಲ್ಲ.

ಇದು ನ್ಯಾಯದ ಪ್ರಶ್ನೆ ಮಾತ್ರವಲ್ಲ. ಇವತ್ತಿನ ಪಾಠಗಳನ್ನೇ ನೋಡಿ. ಕೆಚ್ಚಲುಬಾವು ಬಾರದಂತೆ ಕೊಟ್ಟಿಗೆ ಒಣಗಿಸಿಡುವುದು, ಆ್ಯಂಟಿಬಯಾಟಿಕ್ ಕೊಟ್ಟ ಹಸುವಿನ ಹಾಲನ್ನು ಹೇಳಿದಷ್ಟು ದಿನ ಡೈರಿಗೆ ಹಾಕದಿರುವುದು, ಬೇಸಿಗೆಗೆ ರಸಮೇವು ಮಾಡಿಡುವುದು, ಅಜೋಲಾ ಬೆಳೆಸುವುದು. ಇದರಲ್ಲಿ ಒಂದೊಂದೂ ಕೊಟ್ಟಿಗೆಯಲ್ಲಿರುವವರ ಕೈಯ ಕೆಲಸ. ಪಾಠ ಅವರಿಗೆ ತಲುಪದಿದ್ದರೆ ಔಷಧಿ ಬೆರೆತ ಹಾಲು ನನ್ನ ನಿಮ್ಮ ಮಗುವಿನ ಲೋಟಕ್ಕೆ ತಲುಪುತ್ತದೆ.

ಮೊನ್ನೆ ಭಾನುವಾರ ಅಪ್ಪ ತಂದ ಪುಸ್ತಕದ ಕೆಚ್ಚಲುಬಾವಿನ ಪುಟದ ಫೋಟೋ ತರಿಸಿಕೊಂಡು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅರ್ಧ ಅವಳಿಗೆ ಗೊತ್ತಿತ್ತು. ಹಾಲು ಕರೆದ ಮೇಲೂ ಮೊಲೆತೊಟ್ಟುಗಳನ್ನು ಔಷಧಿಯಲ್ಲಿ ಅದ್ದಬೇಕು, ಸ್ವಲ್ಪ ಹೊತ್ತು ಹಸು ಮಲಗದಂತೆ ಮುಂದೆ ಮೇವು ಹಾಕಬೇಕು ಎಂಬುದು ಮಾತ್ರ ಹೊಸದು. "ಇದು ಮೊದ್ಲೇ ಗೊತ್ತಿದ್ರೆ ಕೆಂದಿ ಒಂದು ತೊಟ್ಟು ಉಳೀತಿತ್ತಲ್ಲೋ," ಎಂದಳು. ನಾನು ಏನೂ ಹೇಳಲಿಲ್ಲ.

ಮುಂದಿನ ತರಬೇತಿಗೆ ನೀನೇ ಹೋಗಮ್ಮ ಎಂದೆ. ಅವಳು ಒಂದು ಕ್ಷಣ ಯೋಚಿಸಿ ಹೇಳಿದಳು: "ಹತ್ ಗಂಟೆ ಮೇಲೆ ಶುರು ಮಾಡಿ ನಾಕ್ ಗಂಟೆಗೆ ಬಿಡ್ತಾರಾ ಕೇಳು. ಹಾಲು ಕರೆಯೋ ಹೊತ್ತಿಗೆ ನಾನು ಮನೇಲಿರ್ಬೇಕು."