ಮಾತ್ರೆ ಮತ್ತು ಚರಂಡಿ

1994ರ ಸೆಪ್ಟೆಂಬರ್. ಸೂರತ್‌ನಲ್ಲಿ ಪ್ಲೇಗ್ ಬಂದಿದೆ ಎಂಬ ಸುದ್ದಿ ಹಬ್ಬಿದ್ದೇ ತಡ, ಔಷಧಿ ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಖಾಲಿಯಾಯಿತು. ಲಕ್ಷಾಂತರ ಜನ ಸಿಕ್ಕ ರೈಲು, ಬಸ್ಸು ಹತ್ತಿ ಊರು ಬಿಟ್ಟರು. ಕಾಯಿಲೆ ಬಂದವರಂತೆ ಬಾರದವರೂ ಮಾತ್ರೆ ನುಂಗಿದರು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಆದರೆ ಹಿಂದಿನ ಶತಮಾನದ ಆರಂಭದ ಪ್ಲೇಗಿನಂತೆ ಅದು ವರ್ಷಗಟ್ಟಲೆ ಕಾಡಲಿಲ್ಲ. ಈ ರೋಗಾಣು ಮಾತ್ರೆಗೆ ಮಣಿಯುವಂಥದ್ದಾಗಿತ್ತು.

ಮಾತ್ರೆಯ ಮೇಲಿನ ಈ ಭರವಸೆಗೆ ಗುಜರಾತಿನಲ್ಲೇ ಒಂದು ಚರಿತ್ರೆಯಿದೆ. ವಡೋದರದಲ್ಲಿ 1907ರಲ್ಲಿ ಶುರುವಾದ ಅಲೆಂಬಿಕ್ ಕಂಪನಿ 1961ರಲ್ಲಿ ಪೆನಿಸಿಲಿನ್ ಕಾರ್ಖಾನೆ ತೆರೆಯಿತು. ದೊಡ್ಡ ತೊಟ್ಟಿಗಳಲ್ಲಿ ಬೂಷ್ಟು ಬೆಳೆಸಿ ಅದರಿಂದ ಮದ್ದು ತೆಗೆಯುವ ಕೆಲಸ ಅದು. ಪೆನಿಸಿಲಿನ್ ಬೂಷ್ಟಿನ ಆಯುಧವಾದರೆ ಟೆಟ್ರಾಸೈಕ್ಲಿನ್ ಮಣ್ಣಿನ ಬ್ಯಾಕ್ಟೀರಿಯಾದ ಆಯುಧ. ಮನುಷ್ಯ ಇವೆರಡನ್ನೂ ಎರವಲು ಪಡೆದ, ಅಷ್ಟೇ.

ಆಯುಧ ಇದ್ದಲ್ಲಿ ಗುರಾಣಿಯೂ ಇರುತ್ತದೆ. ಕೆನಡಾದ ಯೂಕಾನ್ ಪ್ರಾಂತದಲ್ಲಿ 30,000 ವರ್ಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣಿನಲ್ಲಿ ಪೆನಿಸಿಲಿನ್ ಬಗೆಯ ಮದ್ದುಗಳನ್ನೂ ಟೆಟ್ರಾಸೈಕ್ಲಿನ್ನನ್ನೂ ಎದುರಿಸುವ ವಂಶವಾಹಿಗಳು ಸಿಕ್ಕಿದ್ದನ್ನು 2011ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅಂದರೆ ಪ್ರತಿರೋಧ ಮನುಷ್ಯ ಹುಟ್ಟುಹಾಕಿದ್ದಲ್ಲ. ಅದನ್ನು ಆರಿಸಿ, ಬೆಳೆಸಿ, ಊರೂರಿಗೆ ಹರಡಿದ್ದು ಮಾತ್ರ ಅವನೇ.

ಹರಡುವ ದಾರಿ ಸರಳ. ನುಂಗಿದ ಮದ್ದಿನ ಒಂದು ಪಾಲು ಹಾಗೆಯೇ ದೇಹದಿಂದ ಹೊರಬೀಳುತ್ತದೆ. ಅದಕ್ಕೆ ಬಗ್ಗದೆ ಕರುಳಿನಲ್ಲಿ ಉಳಿದ ಬ್ಯಾಕ್ಟೀರಿಯಾವೂ ಜೊತೆಗೆ ಬರುತ್ತದೆ. ಎರಡೂ ಚರಂಡಿಯಲ್ಲಿ ಸೇರುತ್ತವೆ. ಅಲ್ಲಿ ಒಂದು ಜೀವಾಣು ತನ್ನ ಗುರಾಣಿಯನ್ನು ಇನ್ನೊಂದು ಜಾತಿಯ ಜೀವಾಣುವಿಗೂ ದಾಟಿಸಬಲ್ಲದು. ಅಹಮದಾಬಾದಿನ ಸಾಬರಮತಿ ನದಿ, ಚಂದೋಲಾ ಕೆರೆ ಮತ್ತು 1451ರಲ್ಲಿ ಸುಲ್ತಾನ್ ಕುತ್ಬುದ್ದೀನ್ ಕಾಲದಲ್ಲಿ ಮುಗಿದ ಕಾಂಕರಿಯಾ ಕೆರೆಯ ನೀರನ್ನು ಐಐಟಿ ಗಾಂಧಿನಗರದ ಸಂಶೋಧಕರು ಪರೀಕ್ಷಿಸಿ, ಹಲವು ಮದ್ದುಗಳಿಗೆ ಬಗ್ಗದ ಇ. ಕೋಲೈ ಇರುವುದನ್ನು 2020ರಲ್ಲಿ ವರದಿ ಮಾಡಿದರು.

ಇದು ಊರಿನ ಗಡಿಯಲ್ಲಿ ನಿಲ್ಲುವ ಸಂಗತಿಯಲ್ಲ. ದೆಹಲಿಗೆ ಬಂದುಹೋಗಿದ್ದ ರೋಗಿಯೊಬ್ಬರಲ್ಲಿ 2008ರಲ್ಲಿ ಮೊದಲು ಗುರುತಿಸಿ, ದೆಹಲಿಯ ಹೆಸರನ್ನೇ ಇಟ್ಟ ಎನ್‌ಡಿಎಂ-1 ವಂಶವಾಹಿ, ಉತ್ತರ ಧ್ರುವದ ಹತ್ತಿರದ ಸ್ವಾಲ್‌ಬಾರ್ಡ್ ದ್ವೀಪಗಳ ಮಣ್ಣಿನಲ್ಲೂ ಇದೆ ಎಂದು 2019ರಲ್ಲಿ ಗೊತ್ತಾಯಿತು.

ಸೂರತ್‌ನ ಕತೆ ಮಾತ್ರೆಯೊಂದಿಗೆ ಮುಗಿಯಲಿಲ್ಲ. 1995ರಲ್ಲಿ ಪಾಲಿಕೆಯ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ದಿನವೂ ಕಸ ಎತ್ತಿಸಿದರು, ಅಧಿಕಾರಿಗಳನ್ನು ಬೀದಿಗಿಳಿಸಿದರು. ಎರಡೇ ವರ್ಷಗಳಲ್ಲಿ ಊರು ದೇಶದ ಸ್ವಚ್ಛ ನಗರಗಳ ಸಾಲಿಗೆ ಸೇರಿತು. ಅಂದು ಜೀವ ಉಳಿಸಿದ್ದು ಟೆಟ್ರಾಸೈಕ್ಲಿನ್, ನಿಜ. ಆದರೆ ಮಾತ್ರೆಯ ಬಲ ಬಳಸಿದಷ್ಟೂ ಸವೆಯುತ್ತದೆ. ಚೊಕ್ಕ ಚರಂಡಿಗೆ ಪ್ರತಿರೋಧ ಬೆಳೆಸಿಕೊಂಡ ರೋಗಾಣು ಇನ್ನೂ ಹುಟ್ಟಿಲ್ಲ.